ಗುಂಬಜ್ ಇಲ್ದೆ ಮೆಹ್ರಾಬಿಗೆ ಬೆಳಕು ಬಿದ್ದಿದ್ದು: ನನ್ನ ಅನುಭವ

ಉಳ್ಳಾಲ ಕಡೆ ಸಣ್ಣ ಜಮಾಅತಿನ ಮಸೀದಿ ಕೆಲ್ಸ. ರೋಡು ನೇರ ಉತ್ತರ-ದಕ್ಷಿಣ, ನಮ್ಮಲ್ಲಿ ಕಿಬ್ಲಾ (ನಮಾಜಿಗೆ ಮುಖ ಮಾಡೋ ಮಕ್ಕಾ ದಿಕ್ಕು, ಮೆಹ್ರಾಬ್ ಅನ್ನೋ ಗೂಡು ಇರೋದೂ ಆ ಕಡೆ ಗೋಡೆಯಲ್ಲೇ) ಪಶ್ಚಿಮದಿಂದ ಉತ್ತರಕ್ಕೆ ಹತ್ರ ಹತ್ರ 19 ಡಿಗ್ರಿ ವಾಲುತ್ತೆ. ಸಾಮಾನ್ಯವಾಗಿ ಕಾರ್ಪೆಟಿನ ಸಫ್ (ನಮಾಜಿಗೆ ನಿಲ್ಲೋ ಸಾಲು) ಗೆರೆ ಓರೆ ಹಾಕಿ ಮುಗಿಸ್ತಾರೆ. ನಾನು ಹೊರಗೋಡೆ ರೋಡಿಗೆ ಸರಿಯಾಗಿ ಬಿಟ್ಟು ಒಳಗಿನ ಹಾಲನ್ನೇ ತಿರುಗಿಸಿದೆ, ಮಧ್ಯೆ ಉಳಿದ ತ್ರಿಕೋನ ಜಾಗಕ್ಕೆ ಸ್ಲ್ಯಾಬ್ ಹಾಕ್ಲಿಲ್ಲ, ಬೆಳಕು ಅಲ್ಲಿಂದಲೇ ಬರ್ಲಿ ಅಂತ. ಢಾಕಾದಲ್ಲಿ ಆರ್ಕಿಟೆಕ್ಟ್ ಮರೀನಾ ತಬಸ್ಸುಮ್ ಕಟ್ಟಿಸಿದ ಬೈತುರ್ ರವೂಫ್ ಮಸೀದಿ (2012) ಫೋಟೋ ನೋಡಿ ಹುಟ್ಟಿದ ಧೈರ್ಯ ಇದು. ಅಲ್ಲಿ ಚೌಕದೊಳಗೆ ದುಂಡು ಗೋಡೆ ಕೂರಿಸಿ ಹಾಲ್ ತಿರುಗಿಸಿದ್ದಾರೆ, ಗುಂಬಜ್ ಇಲ್ಲ, ಮಿನಾರ ಇಲ್ಲ, 2016ರಲ್ಲಿ ಕಟ್ಟಡ ವಿನ್ಯಾಸಕ್ಕೆ ಕೊಡೋ ಆಗಾ ಖಾನ್ ಅವಾರ್ಡೂ ಬಂತು.

ಕಮಿಟಿಯವ್ರು ಒಪ್ಲೇ ಇಲ್ಲ. "ಗೋಡೌನ್ ಅಂತಾರೆ ಮಾರಾಯ್ರೇ" ಅಂದ್ರು. "ಹಾಜಿಯವ್ರೇ, ನಮ್ಮ ಕರಾವಳಿಯ ಹಳೇ ಮಸೀದಿಗಳಿಗೆ ಗುಂಬಜ್ ಎಲ್ಲಿತ್ತು? ಹಂಚಿನ ಮಾಡು, ಒಳಗೆ ಮರದ ಕೆತ್ತನೆ, ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿ ಒಳಗೆ ಹೋಗಿ ಕಂಬ ನೋಡಿ ಬನ್ನಿ" ಅಂದೆ. ಕೊನೆಗೆ ಒಪ್ಪಿಸಿದ್ದು ದುಡ್ಡು, ಫೈಬರ್ ಗುಂಬಜಿಗೆ 8 ಲಕ್ಷದ ಹತ್ರ ಕೋಟ್ ಬಂದಿತ್ತು, ನನ್ನ ಇಟ್ಟಿಗೆ ಜಾಲಿ (ಬೆಳಕು ಬರೋಕೆ ತೂತು ಬಿಟ್ಟು ಕಟ್ಟೋ ಹೊರಗೋಡೆ) ಮೂರೂವರೆಯಲ್ಲಿ ಆಗ್ತಿತ್ತು.

ಮೊದಲ ಜೂನ್‌ನಲ್ಲೇ ಸೋತೆ. ಜಾಲಿ ಇದ್ದದ್ದು ಪಶ್ಚಿಮಕ್ಕೆ, ಮಳೆ ಹೊಡೆಯೋದೂ ಅದೇ ಕಡೆಯಿಂದ, ಗಾಳಿ ಜೊತೆ ಜಾಲಿ ದಾಟಿ, ತ್ರಿಕೋನ ದಾಟಿ, ಮೆಹ್ರಾಬಿನ ಎರಡೂ ಪಕ್ಕ ಬಿಟ್ಟಿದ್ದ ಸೀಳಿನಿಂದ ಒಳಗೆ ಬಂದು ಮೊದಲ ಎರಡು ಸಫ್ ಒದ್ದೆ. ನಮಾಜ್ ಮಾಡಿಸೋ ಉಸ್ತಾದರು ಏನೂ ಅನ್ಲಿಲ್ಲ, ಅದೇ ಹೆಚ್ಚು ಚುಚ್ಚಿತು. ಸಾಲದ್ದಕ್ಕೆ ಇಟ್ಟಿಗೆ ಮೇಲೆ ಬಿಳಿ ಉಪ್ಪು ಬೇರೆ ಎದ್ದಿತ್ತು. ಅರ್ಧ ಜಾಲಿ ಕೆಡವಿಸಿದೆ, ಕೈಯಿಂದ 80 ಸಾವಿರ ಹೋಯ್ತು.

ಎರಡನೇ ಸಲ ಜಾಲಿಯ ಪ್ರತಿ ಇಟ್ಟಿಗೆ ಹೊರಗಡೆಗೆ ಇಳಿಜಾರು ಕೊಟ್ಟೆ (ಎಷ್ಟು ಅಂತ ಹೇಳಲ್ಲ, ನಾಲ್ಕು ಸ್ಯಾಂಪಲ್ ಗೋಡೆಗೆ ಪೈಪಲ್ಲಿ ನೀರು ಹೊಡೆದು ಕಂಡ್ಕೊಂಡಿದ್ದು), ಗೋಡೆಯ ಸೀಳನ್ನ ಜಾಲಿ ತೂತಿನ ನೇರದಿಂದ ಸರಿಸಿದೆ, ತ್ರಿಕೋನದ ನೆಲಕ್ಕೆ ಜಲ್ಲಿ ಹಾಕಿ ಕೆಳಗೆ ಪೈಪ್. ಈಗ ಎರಡು ಮಳೆಗಾಲ ಆಯ್ತು, ಒಳಗೆ ಹನಿ ಇಲ್ಲ.

ನಡುವೆ ಕೆಂಪುಕಲ್ಲಲ್ಲಿ ಅರಬಿ ಅಕ್ಷರ ಕೆತ್ತಿಸೋಕೂ ನೋಡಿದೆ, ಕಲ್ಲಿನ ತೂತಿಗೆ ನುಕ್ತಾ ಎಲ್ಲಾ ಉದುರಿ ಹೋಯ್ತು, ಚುಕ್ಕಿ ಹೋದ್ರೆ ಅಕ್ಷರವೇ ಬೇರೆ ಆಗುತ್ತಲ್ಲ, ಅಲ್ಲಿಗೆ ಬಿಟ್ಟೆ. ಅದೇ ಜಾಗಕ್ಕೆ ಅಕ್ಷರ ಇರೋ ಸಾಗುವಾನಿ ಪಟ್ಟಿ ಬಂತು, 40 ಸಾವಿರ ಚಿಲ್ಲರೆ. ಝುಹರ್ (ಮಧ್ಯಾಹ್ನದ ನಮಾಜ್) ಹೊತ್ತಿಗೆ ಲೈಟ್ ಹಾಕದೆ ಆ ಅಕ್ಷರ ಹಿಂದಿನ ಸಾಲಿಂದ ಓದ್ಬಹುದು. ಗೋಡೌನ್ ಅಂದಿದ್ದ ಹಾಜಿಯವ್ರೇ ಈಗ ಬಂದವ್ರನ್ನೆಲ್ಲ ಕರ್ಕೊಂಡು ಹೋಗಿ ಆ ಗೋಡೆ ತೋರಿಸ್ತಾರೆ.