ಫೋನ್ ಯಾರ ಕೈಯಲ್ಲಿದೆ? ಬಸುರಿ, ಬಾಣಂತಿಯರಿಗೆ ಆರೋಗ್ಯ ಸಂದೇಶ ತಲುಪಿಸುವ ಕೆಲಸ: ನಮ್ಮ ಅನುಭವ

ಬಸುರಿಯರಿಗೆ ಫೋನಿನಲ್ಲಿ ಆರೋಗ್ಯ ಮಾಹಿತಿ ಕಳಿಸುವ ಕೆಲಸದಲ್ಲಿ ಅರ್ಧ ಶ್ರಮ ನಂಬರುಗಳ ವಹಿಗೇ ಹೋಗುತ್ತದೆ. ತಾಯಿ ಕಾರ್ಡಿನಲ್ಲಿ ಬರೆಸಿದ ನಂಬರು ಹೆಚ್ಚಾಗಿ ಗಂಡನದು. ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲೆಯ ಮೀನುಗಾರರ ಮನೆಗಳಲ್ಲಿ ಆ ಫೋನು ಬೋಟಿನ ಜೊತೆ ಕಡಲಿಗೆ ಹೋಗಿರುತ್ತದೆ. ಇಡೀ ದಿನ ಮನೆಯಲ್ಲಿ ಸಿಗುವುದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಾತ್ರ. ಘಟ್ಟದ ಮೇಲೆ, ಶಿರಸಿ-ಸಿದ್ದಾಪುರದ ಕಡೆ, ತೊಡಕು ಬೇರೆ: ಚೊಚ್ಚಲ ಬಸುರಿ ಏಳನೇ ತಿಂಗಳ ಹೊತ್ತಿಗೆ ತವರಿಗೆ ಹೋಗುತ್ತಾಳೆ, ಸಂದೇಶ ಮಾತ್ರ ಗಂಡನ ಮನೆಗೇ ಬರುತ್ತಿರುತ್ತದೆ. ಮಾಹಿತಿ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದೇ ಆಗ.

ಹಾಗಾಗಿ ನೋಂದಣಿಯ ದಿನವೇ ಗಂಡನ ಮನೆಯದೊಂದು, ತವರಿನದೊಂದು ನಂಬರು ಬರೆದುಕೊಳ್ಳುತ್ತೇವೆ. ಫೋನ್ ಯಾರದು, ಕೀಪ್ಯಾಡೋ ಸ್ಮಾರ್ಟೋ, ಎಷ್ಟು ಹೊತ್ತಿಗೆ ಅವಳ ಕೈಗೆ ಸಿಗುತ್ತದೆ ಎಂಬುದನ್ನೂ ಪಕ್ಕದಲ್ಲೇ ಬರೆಯುತ್ತೇವೆ. ಪ್ರತಿ ತಿಂಗಳ 9ರಂದು ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಬಂದಾಗ ಅಲ್ಲೇ ಕೂತು ಮಿಸ್ಡ್ ಕಾಲ್ ಕೊಟ್ಟು ನೋಡುತ್ತೇವೆ. ರೀಚಾರ್ಜ್ ಮುಗಿದು ಸತ್ತ ಸಿಮ್ಮು ಗೊತ್ತಾಗುವುದು ಹೀಗೆಯೇ.

ಎಸ್ಸೆಮ್ಮೆಸ್ಸನ್ನು ತಪಾಸಣೆಯ ದಿನ, ಲಸಿಕೆಯ ದಿನ ನೆನಪಿಸಲು ಮಾತ್ರ ಬಳಸುತ್ತೇವೆ. ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 70 ಅಕ್ಷರಸ್ಥಾನ. ಒತ್ತು, ಗುಣಿತ, ವಿರಾಮ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಗರ್ಭಿಣಿ’ ಎಂದರೆ 7 ಸ್ಥಾನ ಹೋಯಿತು. 70 ದಾಟಿದರೆ ತುಂಡಾಗಿ ಎರಡು ಸಂದೇಶದ ದುಡ್ಡು ಬೀಳುತ್ತದೆ.

ಉಳಿದದ್ದೆಲ್ಲ ದನಿಯಲ್ಲಿ. ಸ್ಮಾರ್ಟ್‌ಫೋನಿಗೆ ವಾಟ್ಸ್ಯಾಪ್ ಧ್ವನಿ ಸಂದೇಶ, ಕೀಪ್ಯಾಡಿಗೆ ಧ್ವನಿಮುದ್ರಿತ ಕರೆ. ವಿಡಿಯೊ ಚೆಂದ, ಆದರೆ ಜೋಯಿಡಾದ ಸಿಗ್ನಲ್‌ನಲ್ಲಿ ಅದು ಇಳಿಯುವುದಿಲ್ಲ. ಗುಂಪು ಮಾಡುವುದಿಲ್ಲ, ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದು ಷರತ್ತಿದೆ: ನಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿರದಿದ್ದರೆ ಸಂದೇಶ ಹೋಗುವುದೇ ಇಲ್ಲ. ನೋಂದಣಿಯ ಹೊತ್ತಿಗೇ ಆಶಾ ಕಾರ್ಯಕರ್ತೆ ಸೇವ್ ಮಾಡಿಸುತ್ತಾರೆ.

ಒಂದು ಸಂದೇಶಕ್ಕೆ ಒಂದೇ ವಿಷಯ, ಒಂದು ನಿಮಿಷದೊಳಗೆ. ಮಾಡಬೇಕಾದದ್ದು ಮೊದಲು, ಕಾರಣ ಆಮೇಲೆ. ಕಬ್ಬಿಣದ ಮಾತ್ರೆಯದು ಹೀಗಿದೆ: “ಕೆಂಪು ಮಾತ್ರೆ ದಿನಕ್ಕೊಂದು, ಊಟವಾಗಿ ಒಂದು ತಾಸಿನ ಮೇಲೆ. ಚಾ ಜೊತೆ ಬೇಡ, ಲಿಂಬು ಶರಬತ್ತು ಆದೀತು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಮಲ ಕಪ್ಪಾದರೆ ಹೆದರಬೇಡಿ.” ಈ ಕೊನೆಯ ಮಾತು ಬಿಟ್ಟರೆ ಮಾತ್ರೆ ನಿಂತುಹೋಗುತ್ತದೆ, ಬಸಿರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ 180 ದಿನ ನುಂಗಿಸಬೇಕಾದದ್ದು ಅದು. ಬಾಣಂತಿಗೆ ನೀರು, ಸೊಪ್ಪು ಕಡಿಮೆ ಮಾಡುವ ಪಥ್ಯ ಬೇಡ, ಮಗುವಿಗೆ ಜೇನು ನೆಕ್ಕಿಸುವುದು ಬೇಡ ಎಂದು ಹೇಳುವಾಗ ನಾವು ಮಾತಾಡುವುದು ಅಜ್ಜಿಯ ಜೊತೆ. ಮನೆಯಲ್ಲಿ ತೀರ್ಮಾನ ಅವರದೇ ಆದ್ದರಿಂದ ದನಿಯೂ ಅದೇ ಊರಿನ ಹಿರಿಯ ಹೆಂಗಸಿನದಿರಬೇಕು. ಮೀನುಗಾರರ ಕೇರಿಗೆ ಕೊಂಕಣಿಯಲ್ಲಿ, ಗೌಳಿಗಳಿಗೆ ಮರಾಠಿಯಲ್ಲಿ ಬೇರೆಯಾಗಿ ಮಾತಾಡಿಸುತ್ತೇವೆ, ಓದಿಸುವುದಿಲ್ಲ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಆಗುವ ಮಾತಲ್ಲ. ಎಲ್ಲವನ್ನೂ ಮೇ ಒಳಗೆ ಮುಗಿಸಿಕೊಳ್ಳಬೇಕು.

ಯಾವ ವಾರ ಯಾವ ಸಂದೇಶ ಎಂಬುದು ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ, ಅಲ್ಲಿಂದ 280 ದಿನಕ್ಕೆ ಹೆರಿಗೆಯ ದಿನಾಂಕ. “ಚೌತಿ ಕಳೆದು ನಾಲ್ಕು ದಿನಕ್ಕೆ” ಎಂದರೆ ಕ್ಯಾಲೆಂಡರ್ ತೆಗೆದು ತಾರೀಖು ಮಾಡಿಕೊಳ್ಳುವುದು, ಮೊದಲ ಸ್ಕ್ಯಾನಿಂಗ್ ಜೊತೆ ತಾಳೆ ನೋಡುವುದು. ಗರ್ಭ ಇಳಿದರೆ, ಮಗು ತೀರಿಕೊಂಡರೆ ಆಶಾ ನಮಗೆ ಅವತ್ತೇ ತಿಳಿಸಬೇಕು, ಆ ನಂಬರು ಅವತ್ತೇ ಪಟ್ಟಿಯಿಂದ ಹೊರಗೆ. ಇದನ್ನು ತಿಂಗಳ ವರದಿಗೆ ಕಾಯಿಸುವಂತಿಲ್ಲ. ಮಗುವಿಲ್ಲದ ಮನೆಗೆ ಎದೆಹಾಲಿನ ಸಂದೇಶ ಹೋಗುವಷ್ಟು ಕ್ರೂರವಾದದ್ದು ಬೇರೆ ಇಲ್ಲ.

ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜು, ಮಗುವಿನ ಚಲನೆ ಕಡಿಮೆಯಾಗುವುದು: ಈ ಲಕ್ಷಣಗಳ ಸಂದೇಶ ಎಂಟನೇ ತಿಂಗಳಿನಿಂದ ಪದೇ ಪದೇ. 108ಕ್ಕೆ ಕರೆ ಮಾಡಿ ಎಂದಷ್ಟೇ ಹೇಳಿದರೆ ಕಾಡಿನ ಮಜರೆಗಳಲ್ಲಿ ಉಪಯೋಗವಿಲ್ಲ. ಸಿಗ್ನಲ್ ಸಿಗುವ ಗುಡ್ಡ ಯಾವುದು, ರಾತ್ರಿ ಬರುವ ಜೀಪು ಯಾರದು ಎಂದು ಮೊದಲೇ ಗೊತ್ತುಮಾಡಿ ಇಟ್ಟುಕೊಳ್ಳಿ ಎಂಬುದನ್ನೂ ಸೇರಿಸುತ್ತೇವೆ. ಜುಲೈ-ಆಗಸ್ಟಿನಲ್ಲಿ ದಿನ ತುಂಬುವವರಿಗೆ, ಘಟ್ಟದ ರಸ್ತೆ ಕುಸಿಯುವ ಮೊದಲೇ ಪೇಟೆಯ ನೆಂಟರ ಮನೆಗೆ ಬಂದಿರಿ ಎಂದು.

ವಾಟ್ಸ್ಯಾಪಿನಲ್ಲಿ ಮೈಕಿನ ಗುರುತು ನೀಲಿಯಾದರೆ ಯಾರೋ ಕೇಳಿದ್ದಾರೆ ಎಂದಷ್ಟೇ ಅರ್ಥ. ಅವಳು ಕೇಳಿದಳೇ ಎಂಬುದು ಮನೆಭೇಟಿಯಲ್ಲೇ ತಿಳಿಯಬೇಕು. ಹೆರಿಗೆಯಾದ 3, 7, 14, 21, 28, 42ನೇ ದಿನ ಆಶಾ ಹೇಗೂ ಹೋಗುತ್ತಾರೆ. ಹಿಂದಿನ ಸಂದೇಶದಲ್ಲಿ ಏನಿತ್ತು ಎಂದು ಒಂದು ಪ್ರಶ್ನೆ ಕೇಳಿ, ಉತ್ತರವನ್ನು ವಹಿಯಲ್ಲಿ ನಂಬರಿನ ಎದುರಿಗೇ ಬರೆಯುತ್ತಾರೆ.