ಉಳ್ಳಾಗಡ್ಡಿ: ಸಸಿಮಡಿಯ ಮೊದಲ 20 ದಿನ ಕಾಯುವುದು ಹೇಗೆ?

ಕುಷ್ಟಗಿ, ಯಲಬುರ್ಗಾ ಸೀಮೆಯ ಎರೆ ಹೊಲಗಳಲ್ಲಿ ಮುಂಗಾರಿಗೆ ಕೂರಿಗೆ ಹೂಡಿ ಉಳ್ಳಾಗಡ್ಡಿ ಬಿತ್ತುವುದನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ. ಜನ ಸೋಲುವುದು ಬೇರೆ ಕಡೆ. ಹಿತ್ತಲಲ್ಲಿ ಒಂದು ಗುಂಟೆ ಜಾಗ, ಪಕ್ಕದಲ್ಲಿ ಕೊಳವೆಬಾವಿ ನೀರು ಇಟ್ಟುಕೊಂಡು, ಸಸಿ ಎಬ್ಬಿಸಿ ನಾಟಿ ಮಾಡಿ ಮನೆ ಮಟ್ಟಿಗಾದರೂ ಗಡ್ಡೆ ಬೆಳೆಯೋಣ ಎಂದು ಹೊರಟವರು ಸಸಿಮಡಿಯಲ್ಲಿಯೇ ಕೈಚೆಲ್ಲಿ ಕೂರುವುದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಹೋದ ವರ್ಷ ನಮ್ಮ ಓಣಿಯ ಅಕ್ಕ ಒಬ್ಬರು ಬಾಗಿಲಗಲದ ಮಡಿಗೆ ಕಾಲು ಕಿಲೊ ಬೀಜ ಚೆಲ್ಲಿದ್ದರು. ಒಂಬತ್ತನೆಯ ದಿನ ಹಸಿರು ಜಮಖಾನೆ ಹಾಸಿದಂತೆ ಎದ್ದಿತು. ಹದಿನೈದನೆಯ ದಿನ ಅಲ್ಲಲ್ಲಿ ತಟ್ಟೆಯಗಲ ಬೋಳಾಯಿತು. ಇಪ್ಪತ್ತನೆಯ ದಿನಕ್ಕೆ ಉಳಿದದ್ದು ಅಂಚಿನ ಒಂದಿಷ್ಟು ಸಸಿ ಮಾತ್ರ. ಅವರು ಬೀಜವನ್ನು ಬೈದರು. ಬೀಜ ಚೆನ್ನಾಗಿಯೇ ಇತ್ತು, ಇಲ್ಲದಿದ್ದರೆ ಆ ಪರಿ ಮೊಳೆಯುತ್ತಿರಲಿಲ್ಲ. ಸಸಿಗಳನ್ನು ಕೊಂದದ್ದು ದಟ್ಟಣೆ, ಮತ್ತು ದಿನವೂ ಸಂಜೆ ಮಡಿ ತುಂಬ ನಿಲ್ಲಿಸಿದ ನೀರು.

ಕೆಳಗಿನ ಲೆಕ್ಕವೆಲ್ಲ ಒಂದು ಗುಂಟೆಗೆ. ಬೆಳೆ ಚೆನ್ನಾಗಿ ಬಂದರೆ ಅಷ್ಟರಲ್ಲಿ ಎರಡು ಕ್ವಿಂಟಲ್ ಗಡ್ಡೆ ಸಿಗುತ್ತದೆ.

ಕಾಲ ಮತ್ತು ತಳಿ

ಹೊಸಬರು ಹಿಂಗಾರನ್ನೇ ಹಿಡಿಯಿರಿ. ಸೆಪ್ಟೆಂಬರ್ ಕೊನೆಯಲ್ಲಿ, ಉತ್ತರೆ ಮಳೆ ಮುಗಿಯುತ್ತ ಬಂದಾಗ ಬೀಜ ಹಾಕಬೇಕು. ಅಕ್ಟೋಬರ್ ನಡುವಿನ ತನಕ ನಡೆಯುತ್ತದೆ. ನವೆಂಬರ್ ಕೊನೆಗೆ ನಾಟಿ, ಮಾರ್ಚ್ ತಿಂಗಳಲ್ಲಿ ಕೀಳುವುದು. ಮುಂಗಾರಿನಲ್ಲಿ ಎಲೆ ರೋಗಗಳ ಕಾಟ ಹೆಚ್ಚು, ಕಿತ್ತ ಗಡ್ಡೆಯನ್ನು ಒಣಗಿಸಲು ಬಿಸಿಲೂ ಸಿಗುವುದಿಲ್ಲ. ಹಿಂಗಾರಿನ ಗಡ್ಡೆ ಅಟ್ಟದ ಮೇಲೆ ನಾಲ್ಕು ತಿಂಗಳು ಇರುತ್ತದೆ. ತಳಿಗಳಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ್, ಮಹಾರಾಷ್ಟ್ರದ ರಾಜಗುರುನಗರದ ಉಳ್ಳಾಗಡ್ಡಿ ಸಂಶೋಧನಾ ಕೇಂದ್ರದ ಭೀಮಾ ಶಕ್ತಿ, ಭೀಮಾ ಕಿರಣ್ ಹಿಂಗಾರಿಗೆ ಹೊಂದುತ್ತವೆ. ಎನ್-53 ಮತ್ತು ಅರ್ಕಾ ಕಲ್ಯಾಣ್ ಮುಂಗಾರಿನವು. ಎನ್-53 ಹೆಚ್ಚು ದಿನ ಕೆಡದೆ ಉಳಿಯುವ ಗಡ್ಡೆಯಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ. ಅಂತರ್ಜಾಲದ ಅಂಗಡಿಗಳಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆಯ ಚಿತ್ರ ಹಾಕಿದ ವಿದೇಶಿ ಬೀಜದ ಪೊಟ್ಟಣಗಳು ಸಿಗುತ್ತವೆ. ಅವುಗಳನ್ನು ಕೊಳ್ಳಬೇಡಿ. ಉಳ್ಳಾಗಡ್ಡಿ ಗಡ್ಡೆ ಕಟ್ಟುವುದು ಹಗಲಿನ ಉದ್ದವನ್ನು ನೋಡಿಕೊಂಡು. ಯುರೋಪಿನ ತಳಿಗಳಿಗೆ 14 ಗಂಟೆಗೂ ಮಿಕ್ಕ ಹಗಲು ಬೇಕು. ನಮ್ಮಲ್ಲಿ ಕಡುಬೇಸಿಗೆಯಲ್ಲೂ ಹಗಲು 13 ಗಂಟೆಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಎಷ್ಟು ಗೊಬ್ಬರ ಸುರಿದರೂ ಆ ಗಿಡ ಎಲೆ ಬಿಡುತ್ತಲೇ ಇರುತ್ತದೆ, ಬುಡದಲ್ಲಿ ಏನೂ ಇರುವುದಿಲ್ಲ.

ಬೀಜ

ಗುಂಟೆಗೆ 50 ಗ್ರಾಂ ಸಾಕು. ಒಂದು ಗ್ರಾಮಿನಲ್ಲಿ 280ರಷ್ಟು ಕಾಳು ಇರುತ್ತವೆ, ಅಂದರೆ 50 ಗ್ರಾಮಿಗೆ 14,000. ನೂರಕ್ಕೆ 70 ಮೊಳೆತರೂ ಹತ್ತು ಸಾವಿರ ಸಸಿ ಸಿಗುತ್ತದೆ. ಗುಂಟೆಗೆ ಬೇಕಾದದ್ದು ಆರೂವರೆ ಸಾವಿರ. 'ಇರಲಿ' ಎಂದು ಇನ್ನೊಂದು ಹಿಡಿ ಹಾಕುವ ಕೈಯೇ ಮುಂದೆ ಬರುವ ಕೊಳೆ ರೋಗಕ್ಕೆ ದಾರಿ ಮಾಡಿಕೊಡುತ್ತದೆ.

ಉಳ್ಳಾಗಡ್ಡಿ ಬೀಜಕ್ಕೆ ಆಯುಷ್ಯ ಕಡಿಮೆ. ಮನೆಯಲ್ಲಿ ಸುಮ್ಮನೆ ಇಟ್ಟರೆ ಒಂದು ವರ್ಷಕ್ಕೆ ಅದರ ಜೀವ ಇಳಿದುಹೋಗುತ್ತದೆ. ಒಮ್ಮೆ ಸಂತೆಯಲ್ಲಿ ಚೀಟಿ ಇಲ್ಲದ ಬಿಡಿ ಬೀಜ ಕೊಂಡು ತಂದೆ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಹತ್ತು ದಿನಕ್ಕೆ ಮೊಳೆತದ್ದು 22. ಅಂದಿನಿಂದ ಪೊಟ್ಟಣದ ಮೇಲೆ ಪರೀಕ್ಷೆಯ ದಿನಾಂಕ ಮತ್ತು ಅವಧಿ ನೋಡದೆ ಕೊಂಡಿಲ್ಲ, ನೂರು ಕಾಳಿನ ಪರೀಕ್ಷೆ ಮಾಡದೆ ಬಿತ್ತಿಲ್ಲ. ಪ್ರಮಾಣಿತ ಬೀಜದಲ್ಲಿ ನೂರಕ್ಕೆ 70 ಆದರೂ ಮೊಳೆಯಬೇಕು.

ಸಸಿಮಡಿ

ಮೂರೂವರೆ ಅಡಿ ಅಗಲ, ಹದಿನೈದು ಅಡಿ ಉದ್ದ, ಅರ್ಧ ಅಡಿ ಎತ್ತರದ ಒಂದು ಏರುಮಡಿ ಸಾಕು. ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು, ಮಡಿಯ ಮೇಲೆ ಕಾಲಿಡಬಾರದು. ಎತ್ತರದಲ್ಲಿ ಮಾತ್ರ ರಾಜಿ ಬೇಡ. ರಾಯಚೂರು, ಕೊಪ್ಪಳದ ಕಡೆ ಸೆಪ್ಟೆಂಬರ್ ಮಳೆ ಬಂದರೆ ಸುರಿದೇ ಬರುತ್ತದೆ, ಎರೆ ಮಣ್ಣು ಆ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ನಿಮ್ಮದು ಎರೆಯಾಗಿದ್ದರೆ ಮೇಲಿನ ಮೂರು ಅಂಗುಲಕ್ಕೆ ಮಸಾರಿ (ಕೆಂಪು) ಮಣ್ಣು ಅಥವಾ ಮರಳು ಬೆರೆಸಿ. ಚೆನ್ನಾಗಿ ಕಳಿತ, ಸಾಣಿಗೆ ಹಿಡಿದ ತಿಪ್ಪೆಗೊಬ್ಬರ 20 ಕಿಲೊ ಬೇಕು. ಹಸಿ ಸಗಣಿ ಬೇಡವೇ ಬೇಡ, ಅದರೊಂದಿಗೆ ಹುಳವೂ ಕಳೆಯ ಬೀಜವೂ ಬರುತ್ತವೆ.

ಆ ಗೊಬ್ಬರಕ್ಕೆ ಬೀಜ ಹಾಕುವ ವಾರದ ಮೊದಲೇ ಟ್ರೈಕೋಡರ್ಮಾ ಪುಡಿ ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಇಡಿ. ಅದು ಕೊಳೆ ರೋಗವನ್ನು ತಡೆಯುವ, ಜೀವ ಇರುವ ಶಿಲೀಂಧ್ರ. ಅವಧಿ ಮೀರಿದ, ಅಂಗಡಿಯ ಮುಂದೆ ಬಿಸಿಲಲ್ಲಿ ಒಣಗಿದ ಪೊಟ್ಟಣದಲ್ಲಿ ಬಿಳಿ ಪುಡಿಯಷ್ಟೇ ಉಳಿದಿರುತ್ತದೆ. ಹಣ ಕೊಡುವ ಮೊದಲು ದಿನಾಂಕ ಓದಿ.

ಬೀಜವನ್ನು ಚೆಲ್ಲಬೇಡಿ, ಸಾಲಿನಲ್ಲಿ ಹಾಕಿ. ಮಡಿಗೆ ಅಡ್ಡಲಾಗಿ ಮೂರು ಅಂಗುಲಕ್ಕೊಂದು ಗೆರೆ, ಗೆರೆಯ ಆಳ ಅರ್ಧ ಅಂಗುಲ. ಹದಿನೈದು ಅಡಿಗೆ 60 ಗೆರೆ ಬರುತ್ತವೆ. 50 ಗ್ರಾಂ ಬೀಜವನ್ನು ಒಣ ಮರಳಲ್ಲಿ ಕಲಸಿ ನಾಲ್ಕು ಪಾಲು ಮಾಡಿ, ಒಂದೊಂದು ಪಾಲನ್ನು 15 ಗೆರೆಗೆ ಹಂಚಿ. ಹೀಗೆ ಮಾಡಿದರೆ ಕೊನೆಯ ಗೆರೆಗಳಿಗೂ ಬೀಜ ಉಳಿಯುತ್ತದೆ. ಅಂಗುಲಕ್ಕೆ ಐದಾರು ಕಾಳು ಬೀಳಬೇಕು. ನೋಡುವ ಕಣ್ಣಿಗೆ ಇದು ತೆಳುವಾಗಿ ಕಾಣುತ್ತದೆ. ಕಾಣಲಿ, ಕೈ ಬಿಗಿಹಿಡಿಯಿರಿ. ಮೇಲೆ ಮುಚ್ಚಲು ಮಣ್ಣು ಬೇಡ. ಎರೆ ಮಣ್ಣು ಒಣಗಿ ಹೆಪ್ಪುಗಟ್ಟಿದರೆ ದಾರದಷ್ಟು ತೆಳ್ಳಗಿನ ಮೊಳಕೆ ಅದನ್ನು ಒಡೆದು ಬರಲಾರದು. ಸಾಣಿಗೆ ಹಿಡಿದ ಗೊಬ್ಬರ ಮತ್ತು ಮರಳು ಸಮ ಬೆರೆಸಿ ಮುಚ್ಚಿ, ಅಂಗೈಯಿಂದ ಹಗುರಾಗಿ ಒತ್ತಿ, ಭತ್ತದ ಹುಲ್ಲು ಹಾಸಿ. ನೀರು ಸಣ್ಣ ತೂತಿನ ಝಾರಿಯಿಂದ ಹುಲ್ಲಿನ ಮೇಲೆ ಬೀಳಲಿ. ಕೊಳವೆ ಹಿಡಿದರೆ ಬೀಜವೆಲ್ಲ ಕೊಚ್ಚಿಕೊಂಡು ಒಂದು ಮೂಲೆ ಸೇರುತ್ತದೆ.

ಈಗ ಬಹುತೇಕರು ತಪ್ಪುವ ಗಳಿಗೆ. ಉಳ್ಳಾಗಡ್ಡಿ ಮೊಳಕೆ ನೆಟ್ಟಗೆ ಏಳುವುದಿಲ್ಲ. ಬಗ್ಗಿಸಿದ ದಾರದ ಕುಣಿಕೆಯಂತೆ ಮೊದಲು ಅದರ ಬೆನ್ನು ಹೊರಬರುತ್ತದೆ, ಆಮೇಲೆ ಬೀಜದ ಕರಿ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ತುದಿ ಏಳುತ್ತದೆ. ಆರನೆಯ ದಿನದಿಂದ ದಿನಕ್ಕೆರಡು ಬಾರಿ ಹುಲ್ಲನ್ನು ಮೆಲ್ಲಗೆ ಎತ್ತಿ ನೋಡಿ. ಮೂರು ಗೆರೆಯಲ್ಲಿ ಒಂದರಲ್ಲಾದರೂ ಕುಣಿಕೆ ಕಂಡಿತೆಂದರೆ ಅಂದೇ ಸಂಜೆ ಬಿಸಿಲು ಇಳಿದ ಮೇಲೆ ಹುಲ್ಲು ತೆಗೆಯಿರಿ. 'ಎಲ್ಲವೂ ಏಳಲಿ' ಎಂದು ಎರಡು ದಿನ ಕಾದರೆ ಸಸಿಗಳು ಹುಲ್ಲಿನೊಳಗೆ ಹೆಣೆದುಕೊಳ್ಳುತ್ತವೆ, ಹುಲ್ಲಿನ ಜೊತೆ ಬೇರು ಸಮೇತ ಎದ್ದು ಬರುತ್ತವೆ. ಕತ್ತಲಲ್ಲಿ ಬೆಳೆದು ಬಿಳಿಚಿದ ಸಸಿ ಮರುದಿನದ ಬಿಸಿಲಿಗೆ ಬಾಡುತ್ತದೆ.

ಹುಲ್ಲು ತೆಗೆದ ಮೇಲೆ ನೀರು ಬೆಳಿಗ್ಗೆ ಮಾತ್ರ. ಸಂಜೆ ಕೊಟ್ಟ ನೀರು ರಾತ್ರಿಯಿಡೀ ಸಸಿಯ ಕುತ್ತಿಗೆಯಲ್ಲಿ ನಿಲ್ಲುತ್ತದೆ, ಸಸಿ ಕೊಳೆ ರೋಗದ ಶಿಲೀಂಧ್ರಕ್ಕೆ ಬೇಕಾದದ್ದು ಅದೇ. ಮೇಲ್ಮಣ್ಣಿಗೆ ಬೆರಳೊತ್ತಿ, ತೇವ ತಾಗಿದರೆ ಅಂದು ನೀರೇ ಬೇಡ. ಮಳೆ ಬರುವ ಸೂಚನೆ ಇದ್ದರೆ ಮಡಿಯ ಮೇಲೆ ಬಿದಿರ ಸೀಳು ಬಗ್ಗಿಸಿ ಪ್ಲಾಸ್ಟಿಕ್ ಹಾಳೆ ಎಳೆಯಿರಿ, ಮಳೆ ನಿಂತ ಕೂಡಲೇ ತೆಗೆಯಿರಿ. ದಿನವೆಲ್ಲ ಮುಚ್ಚಿಟ್ಟರೆ ಒಳಗೆ ಉಗಿ ಕಟ್ಟುತ್ತದೆ.

ಮಣ್ಣಿನ ಮಟ್ಟದಲ್ಲಿ ಕುತ್ತಿಗೆ ನೀರಾಗಿ ಸಸಿ ಅಡ್ಡ ಮಲಗಿದರೆ ರೋಗ ಬಂದಿದೆ ಎಂದೇ ತಿಳಿಯಿರಿ. ಆ ಜಾಗವನ್ನು ಸುತ್ತ ನಾಲ್ಕು ಬೆರಳಗಲ ಮಣ್ಣಿನ ಸಮೇತ ತೆಗೆದು ದೂರ ಹಾಕಿ, ನೀರು ಕೊಡುವುದನ್ನು ನಿಲ್ಲಿಸಿ, ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ ಉಳಿದ ಸಾಲುಗಳ ಬುಡ ನೆನೆಸಿ. ಈ ಔಷಧವನ್ನೂ ಟ್ರೈಕೋಡರ್ಮಾವನ್ನೂ ಒಟ್ಟಿಗೆ ಬಳಸಬೇಡಿ. ಸಸಿ ಹಳದಿಯಾಯಿತೆಂದು ಯೂರಿಯಾ ಎರಚುವವರಿದ್ದಾರೆ. ಆ ಹಳದಿ ಹೆಚ್ಚಿನ ಸಲ ನೀರು ಹೆಚ್ಚಾದದ್ದರಿಂದ ಬಂದಿರುತ್ತದೆ, ಯೂರಿಯಾ ಸಸಿಯನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಇಪ್ಪತ್ತು ದಿನ ದಾಟಿದ ಮೇಲೆ ಕಳೆ ಕೀಳುವುದನ್ನು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ.

ಬಿತ್ತನೆ ಗಡ್ಡೆ ಹಾಕಬಹುದೇ?

ತುಂಬ ಜನ ಕೇಳುವ ಪ್ರಶ್ನೆ. ಗೋಲಿ ಗಾತ್ರದ ಸಣ್ಣ ಗಡ್ಡೆ ನೆಟ್ಟರೆ ಸಸಿಮಡಿಯ ತಾಪತ್ರಯ ಇರುವುದಿಲ್ಲ, ಬೆಳೆಯೂ ಬೇಗ ಬರುತ್ತದೆ. ಇದು ಮುಂಗಾರಿಗೆ ಸರಿಯಾದ ದಾರಿ. ಎನ್-53 ಬೀಜವನ್ನು ಜನವರಿ ಕೊನೆಯಲ್ಲಿ ಮಡಿಗೆ ದಟ್ಟವಾಗಿ ಹಾಕಿ, ಸಸಿ ಕೀಳದೆ ಅಲ್ಲಿಯೇ ಬಿಟ್ಟು, ಏಪ್ರಿಲ್–ಮೇ ತಿಂಗಳಲ್ಲಿ ಎಲೆ ಒಣಗಿದಾಗ ಕಿತ್ತು ಗಾಳಿಯಾಡುವ ಕಡೆ ತೂಗುಹಾಕಬೇಕು. ಇಲ್ಲಿ ದಟ್ಟಣೆ ಬೇಕೇ ಬೇಕು, ಜಾಗ ಸಿಕ್ಕರೆ ಗಡ್ಡೆ ದೊಡ್ಡದಾಗುತ್ತದೆ. ಜುಲೈ–ಆಗಸ್ಟಿನಲ್ಲಿ ನೆಟ್ಟರೆ ದೀಪಾವಳಿಯ ಹೊತ್ತಿಗೆ ಬೆಳೆ ಕೈಗೆ ಬರುತ್ತದೆ. ಒಂದೂವರೆಯಿಂದ ಎರಡು ಸೆಂಟಿಮೀಟರ್ ಅಡ್ಡಳತೆಯವನ್ನು ಮಾತ್ರ ಆರಿಸಿ. ಅದಕ್ಕಿಂತ ದೊಡ್ಡವು ಹೂದಂಟು ಎಬ್ಬಿಸುತ್ತವೆ, ದಂಟು ಎದ್ದ ಗಡ್ಡೆಯ ನಡುವೆ ಗಟ್ಟಿ ಕಡ್ಡಿ ಉಳಿಯುತ್ತದೆ. ಗುಂಟೆಗೆ 10ರಿಂದ 15 ಕಿಲೊ ಬೇಕಾಗುವುದರಿಂದ ಕೊಂಡು ತಂದರೆ ಖರ್ಚು ಏರುತ್ತದೆ. ಹಿಂಗಾರಿಗೆ ನಾನು ಬೀಜವನ್ನೇ ಹೇಳುತ್ತೇನೆ.

ಅಡುಗೆಮನೆಯಲ್ಲಿ ಮೊಳೆತ ಗಡ್ಡೆಯನ್ನು ನೆಟ್ಟು ಹೊಸ ಗಡ್ಡೆ ತೆಗೆಯಬಹುದೆಂದು ಮೊಬೈಲ್ ವಿಡಿಯೊಗಳು ಹೇಳುತ್ತವೆ. ಅದರಿಂದ ಪಲ್ಯಕ್ಕೆ ಎಲೆ ಸಿಗುತ್ತದೆ, ಚಳಿಗಾಲದಲ್ಲಿ ಹೂವು ಬರುತ್ತದೆ. ಮಾರುವಂಥ ದುಂಡು ಗಡ್ಡೆ ಬರುವುದಿಲ್ಲ.

ನಾಟಿ

ಏಳೆಂಟು ವಾರದ, ಪೆನ್ಸಿಲಿಗಿಂತ ತುಸು ತೆಳ್ಳಗಿನ ಸಸಿ ಸರಿಯಾದದ್ದು. ಕೀಳುವ ವಾರದ ಮೊದಲು ನೀರು ಕಡಿಮೆ ಮಾಡಿ, ಹಿಂದಿನ ಸಂಜೆ ಮಾತ್ರ ಚೆನ್ನಾಗಿ ನೆನೆಸಿ. ಎಲೆಯ ತುದಿಯನ್ನು ಮೂರರಲ್ಲಿ ಒಂದು ಪಾಲು ಕತ್ತರಿಸಿ. ಸಾಲಿನಿಂದ ಸಾಲಿಗೆ ಆರು ಅಂಗುಲ, ಸಸಿಯಿಂದ ಸಸಿಗೆ ನಾಲ್ಕು.

ಆಳದ ಬಗ್ಗೆ ನಾಲ್ಕು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಬದನೆ, ಮೆಣಸಿನ ಸಸಿ ನೆಟ್ಟು ರೂಢಿಯಾದ ಕೈ ಇಲ್ಲಿ ತಪ್ಪುತ್ತದೆ. ಸಸಿ ಬೀಳದಿರಲಿ ಎಂದು ಆ ಕೈ ಆಳಕ್ಕೆ ಒತ್ತುತ್ತದೆ. ಉಳ್ಳಾಗಡ್ಡಿಯ ಬೇರು ಮತ್ತು ಬುಡದ ಬಿಳಿ ಭಾಗ ಒಂದು ಅಂಗುಲ ಮಣ್ಣಿನಲ್ಲಿದ್ದರೆ ಸಾಕು, ಎಲೆ ಕವಲೊಡೆಯುವ ಜಾಗ ಮೇಲೆಯೇ ಇರಬೇಕು. ಕವಲು ಹೂತುಹೋದರೆ ಗಡ್ಡೆ ಉದ್ದುದ್ದ ಬೆಳೆಯುತ್ತದೆ, ಕುತ್ತಿಗೆ ದಪ್ಪವಾಗಿ ಒಣಗುವುದೇ ಇಲ್ಲ. ತೋರುಬೆರಳಿನ ಮೊದಲ ಗೆಣ್ಣನ್ನು ಅಳತೆಯಾಗಿ ಇಟ್ಟುಕೊಳ್ಳಿ. ನೆಟ್ಟ ದಿನ ಸಸಿಗಳು ಅಡ್ಡಾದಿಡ್ಡಿ ಮಲಗಿದಂತೆ ಕಾಣುತ್ತವೆ, ವಾರದಲ್ಲಿ ತಾವೇ ಏಳುತ್ತವೆ. ಸಂಜೆ ನೆಟ್ಟು ಆಗಲೇ ನೀರು ಬಿಡಿ, ಮೂರನೆಯ ದಿನ ಜೀವನೀರು, ಅಂದರೆ ಸಸಿ ಬೇರೂರಲು ಬೇಕಾದ ಎರಡನೆಯ ನೀರು, ಕೊಡಿ.

ನಡುವಿನ ದಿನಗಳು

ಭೂಮಿ ಸಿದ್ಧಮಾಡುವಾಗಲೇ ಗುಂಟೆಗೆ ಎರಡೂವರೆ ಕ್ವಿಂಟಲ್ ತಿಪ್ಪೆಗೊಬ್ಬರ, 5 ಕಿಲೊ ಸಿಂಗಲ್ ಸೂಪರ್ ಫಾಸ್ಫೇಟ್, 2 ಕಿಲೊ ಪೊಟ್ಯಾಷ್. ಸೂಪರ್ ಫಾಸ್ಫೇಟಿನ ಬದಲು ಡಿಎಪಿ ಗೊಬ್ಬರ ಬೇಡ ಎನ್ನುತ್ತೇನೆ. ಉಳ್ಳಾಗಡ್ಡಿಯ ಘಾಟು ಬರುವುದು ಗಂಧಕದಿಂದ, ಅದು ಸೂಪರ್ ಫಾಸ್ಫೇಟಿನಲ್ಲಿದೆ, ಡಿಎಪಿಯಲ್ಲಿಲ್ಲ. ಎರಡೂವರೆ ಕಿಲೊ ಯೂರಿಯಾವನ್ನು ನಾಟಿಯ ವೇಳೆ, 30ನೆಯ ದಿನ, 45ನೆಯ ದಿನ ಎಂದು ಮೂರು ಪಾಲು ಮಾಡಿ. 60 ದಿನದ ನಂತರ ಒಂದು ಹಿಡಿಯೂ ಬೇಡ. ಗಡ್ಡೆ ಊದುತ್ತದೆ ಎಂದು ಮಾರುವ ಬಣ್ಣದ ಟಾನಿಕ್ ಬಾಟಲಿಗಳಿಗೆ ದುಡ್ಡು ಹಾಕಬೇಡಿ.

ಬೇರು ಮೇಲ್ಮಟ್ಟದಲ್ಲಿಯೇ ಇರುವುದರಿಂದ ನೀರು ಸ್ವಲ್ಪ ಸ್ವಲ್ಪ, ವಾರಕ್ಕೊಮ್ಮೆ. ಕಳೆ ಕೈಯಿಂದಲೇ ತೆಗೆಯಿರಿ, ಗಡ್ಡೆ ಕಟ್ಟಲು ಶುರುವಾದ ಮೇಲೆ ಬುಡ ಕೆದಕಬೇಡಿ. ಫೆಬ್ರುವರಿಯ ಒಣ ಬಿಸಿಲಿಗೆ ಥ್ರಿಪ್ಸ್ ನುಸಿ ಬರುತ್ತದೆ. ಎಲೆಯ ಕಂಕುಳು ಬಿಡಿಸಿ ನೋಡಿದರೆ ಹಳದಿ ಚುಕ್ಕೆಗಳಂತೆ ಓಡಾಡುತ್ತಿರುತ್ತವೆ. ಎಲೆ ಬೆಳ್ಳಗೆ ಗೀರುಬೀಳುವ ಮೊದಲೇ ಬೇವಿನೆಣ್ಣೆ ಹೊಡೆಯಿರಿ. ಎಲೆಗೆ ಮೇಣದ ಲೇಪ ಇರುವುದರಿಂದ ಅದರಲ್ಲಿ ಸೋಪಿನ ದ್ರಾವಣ ಸೇರಿಸಲೇಬೇಕು, ಇಲ್ಲದಿದ್ದರೆ ಎಲ್ಲವೂ ಜಾರಿ ನೆಲಕ್ಕೆ ಬೀಳುತ್ತದೆ.

ಕೀಳುವುದು, ಒಣಗಿಸುವುದು

ಅರ್ಧದಷ್ಟು ಗಿಡಗಳ ಕುತ್ತಿಗೆ ತಾನಾಗಿ ಬಾಗಿದಾಗ ಕೀಳಿ. ಅದಕ್ಕೆ 10–15 ದಿನ ಮೊದಲು ನೀರು ಕೊಡುವುದನ್ನು ನಿಲ್ಲಿಸಿರಬೇಕು. ಕಾಲಿನಿಂದ ತುಳಿದು ಕುತ್ತಿಗೆ ಬಾಗಿಸುವ ಅವಸರ ಬೇಡ, ತುಳಿತದ ಗಾಯದಿಂದಲೇ ಕೊಳೆ ಒಳಗೆ ಇಳಿಯುತ್ತದೆ. ಕಿತ್ತದ್ದನ್ನು ಮೂರರಿಂದ ಐದು ದಿನ ಹೊಲದಲ್ಲಿಯೇ ಸಾಲಾಗಿ ಹಾಕಿ, ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗಡ್ಡೆಯನ್ನು ಮುಚ್ಚಲಿ. ನಮ್ಮ ಮಾರ್ಚ್ ಬಿಸಿಲಿಗೆ ಬರಿ ಗಡ್ಡೆ ಬೆಂದುಹೋಗುತ್ತದೆ. ಆಮೇಲೆ ಒಂದು ಅಂಗುಲ ಕುತ್ತಿಗೆ ಉಳಿಸಿ ಎಲೆ ಕೊಯ್ದು, ಹತ್ತು ಹನ್ನೆರಡು ದಿನ ನೆರಳಲ್ಲಿ ಹರಡಿ. ಕುತ್ತಿಗೆ ಹಿಸುಕಿದರೆ ಒಣ ಕಾಗದದಂತೆ ಸದ್ದು ಬರಬೇಕು.

ಅಟ್ಟಕ್ಕೆ ಏರಿಸುವ ಮೊದಲು ದಪ್ಪ ಕುತ್ತಿಗೆಯವು, ಜೋಡಿ ಗಡ್ಡೆಗಳು, ಗಾಯವಾದವನ್ನು ಬೇರೆ ಬುಟ್ಟಿಗೆ ಹಾಕಿ ಅಡುಗೆಗೆ ಮೊದಲು ಬಳಸಿ. ಉಳಿದವನ್ನು ಬಿದಿರ ತಟ್ಟಿಯ ಮೇಲೆ ಒಂದಡಿಗಿಂತ ಎತ್ತರ ರಾಶಿ ಮಾಡದೆ ಹರಡಿ, ಹದಿನೈದು ದಿನಕ್ಕೊಮ್ಮೆ ಕೈಯಾಡಿಸಿ ಕೊಳೆತದ್ದನ್ನು ಆರಿಸಿ ತೆಗೆಯಿರಿ.