ಬ್ಯಾಕ್‌ಹ್ಯಾಂಡ್ ಟಾಪ್‌ಸ್ಪಿನ್ ಮೇಜಿನೊಳಗೆ ಬೀಳತೊಡಗಿದ ಬಗೆ

ಟೇಬಲ್ ಟೆನಿಸ್ ಅಭ್ಯಾಸದಲ್ಲಿ ಸರಿಯಾಗಿಯೇ ಬೀಳುತ್ತಿದ್ದ ನನ್ನ ಬ್ಯಾಕ್‌ಹ್ಯಾಂಡ್ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಸುತ್ತುವಂತೆ ಹೊಡೆಯುವ ಹೊಡೆತ), ಪಂದ್ಯದಲ್ಲಿ ಮಾತ್ರ ಮೇಜು ದಾಟಿ ಹೋಗುತ್ತಿತ್ತು. ಕೈಯಲ್ಲಿದ್ದುದು ಕಾರ್ಬನ್ ಪದರದ ಬ್ಲೇಡ್ (ರಬ್ಬರ್ ಅಂಟಿಸುವ ಬ್ಯಾಟಿನ ಮರದ ಭಾಗ), ಎರಡೂ ಬದಿಗೆ ಗಟ್ಟಿ ಸ್ಪಂಜಿನ ರಬ್ಬರ್. ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವಾದ್ದರಿಂದ, ರಬ್ಬರ್‌ಗಳನ್ನು ಹಾಗೆಯೇ ಉಳಿಸಿಕೊಂಡು ಬ್ಲೇಡನ್ನಷ್ಟೇ ಐದು ಪದರಗಳ ಅಪ್ಪಟ ಮರದ್ದಕ್ಕೆ ಬದಲಿಸಿದೆ. ಚೆಂಡು ತಗುಲಿದಾಗಿನ ಕಂಪನ ಹಿಡಿಯ ಮೂಲಕ ಬೆರಳಿಗೆ ಸ್ಪಷ್ಟವಾಗಿ ತಿಳಿಯತೊಡಗಿತು. ಚೆಂಡು ಬಲೆಯ ಮೇಲೆ ಕಮಾನಿನಂತೆ ಬಾಗಿ ಮೇಜಿನೊಳಗೇ ಇಳಿಯಿತು. ಆಮೇಲೆ ಬ್ಯಾಕ್‌ಹ್ಯಾಂಡ್ ಬದಿಗೆ 1.9 ಮಿ.ಮೀ. ದಪ್ಪದ ಮೆದು ಸ್ಪಂಜಿನ ರಬ್ಬರನ್ನು ಅಂಟಿಸಿದೆ. ರಬ್ಬರ್, ಸ್ಪಂಜು, ಅಂಟು ಸೇರಿ 4 ಮಿ.ಮೀ. ಮೀರಬಾರದೆಂಬುದಷ್ಟೇ ನಿಯಮ, ಗರಿಷ್ಠ ದಪ್ಪದ್ದೇ ಬೇಕೆಂದೇನಿಲ್ಲ. ಸ್ಮ್ಯಾಷ್‌ನ ವೇಗ ತುಸು ತಗ್ಗಿದರೂ, ಎದುರಾಳಿಯ ಸರ್ವ್ ಅನ್ನು ಬಲೆಯ ಸಮೀಪಕ್ಕೇ ಮರಳಿಸುವುದು ಈಗ ಸಾಧ್ಯವಾಗಿದೆ. ಫೋರ್‌ಹ್ಯಾಂಡಿನ ಗಟ್ಟಿ ರಬ್ಬರನ್ನು ಬದಲಿಸಲಿಲ್ಲ, ಅಲ್ಲಿ ತೊಂದರೆಯೇ ಇರಲಿಲ್ಲ.